ಕುರ್ಚಿಯಲ್ಲಿ ಕೂತವರ ವೈಫೈ

2012ರ ಫೆಬ್ರವರಿ ಕೊನೆಯಲ್ಲಿ ಲಿನಸ್ ಟೊರ್ವಾಲ್ಡ್ಸ್‌ಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬರುವುದೇನೂ ಸುದ್ದಿಯಲ್ಲ. 1991ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದು ಜಗತ್ತಿಗೆ ಕೊಟ್ಟ ಈ ಫಿನ್ಲೆಂಡಿನ ಮನುಷ್ಯ ತಮ್ಮ ಕೋಪಕ್ಕೂ ಅಷ್ಟೇ ಹೆಸರುವಾಸಿ. ಈ ಸಲದ ಕಾರಣ ಮಾತ್ರ ಸ್ವಾರಸ್ಯದ್ದು. ಅವರು ಲ್ಯಾಪ್‌ಟಾಪಿಗೆ ಓಪನ್‌ಸೂಸೆ ಎಂಬ ಲಿನಕ್ಸ್ ಹಾಕಿಕೊಂಡಿದ್ದರು. ಹೊಸ ವೈಫೈಗೆ ಸೇರಲು ಹೋದರೆ ಅದು ರೂಟ್ ಪಾಸ್‌ವರ್ಡ್ ಕೇಳಿತು, ಅಂದರೆ ಕಂಪ್ಯೂಟರಿನ ಸರ್ವಾಧಿಕಾರಿಯ ಪಾಸ್‌ವರ್ಡ್. ಗಡಿಯಾರದ ಕಾಲವಲಯ ಬದಲಿಸಲು ಹೋದರೂ ಅದೇ. ಅವರು ದೂರು ಕೊಟ್ಟರು, ವಾದ ಮಾಡಿದರು. ಅಷ್ಟರಲ್ಲಿ ಶಾಲೆಯಿಂದ ಮಗಳ ಫೋನು: ಶಾಲೆಯ ಪ್ರಿಂಟರನ್ನು ಸೇರಿಸಿಕೊಳ್ಳೋಣವೆಂದರೆ ರೂಟ್ ಪಾಸ್‌ವರ್ಡ್ ಕೇಳುತ್ತಿದೆ! ಲಿನಕ್ಸ್ ಮಾಡಿದವರ ಮನೆಯಲ್ಲೇ ಲಿನಕ್ಸ್ ಹೀಗೆ ಬಾಗಿಲು ಹಾಕಿಕೊಂಡಿತ್ತು. ಗೂಗಲ್ ಪ್ಲಸ್‌ನಲ್ಲಿ ಅವರು ಹರಿಹಾಯ್ದ ರೀತಿಯನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಅವರ ತಕರಾರು ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಓಪನ್‌ಸೂಸೆಯವರೇನೂ ದಡ್ಡರಲ್ಲ. ವೈಫೈಗೆ ಪಾಸ್‌ವರ್ಡ್ ಕೇಳಿದ ಆ ಕಿಟಕಿಯ ಹಿಂದೆ ಐವತ್ತು ವರ್ಷಗಳ ಒಂದು ತರ್ಕವಿತ್ತು. ಕಂಪ್ಯೂಟರ್ ಎಂದರೆ ಹಲವರು ಹಂಚಿಕೊಳ್ಳುವ ಯಂತ್ರ, ಜಾಲದ ಸಂಪರ್ಕ ಆ ಯಂತ್ರದ ಸೊತ್ತು, ಅದನ್ನು ಮುಟ್ಟುವ ಹಕ್ಕು ಯಂತ್ರವನ್ನು ನೋಡಿಕೊಳ್ಳುವವರಿಗೆ ಮಾತ್ರ. ಕಂಪ್ಯೂಟರು ಕೋಣೆ ಬಿಟ್ಟು ಚೀಲ ಸೇರಿದ ಮೇಲೂ ಈ ತರ್ಕ ಹಾಗೆಯೇ ಉಳಿದುಬಿಟ್ಟಿತ್ತು.

ಹಂಚಿಕೊಳ್ಳುವ ಕಂಪ್ಯೂಟರಿನ ಕಥೆ ಶುರುವಾಗುವುದು ಅಮೆರಿಕದ ಎಂಐಟಿಯಲ್ಲಿ. ಅಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಂದೇ ಐಬಿಎಂ ಯಂತ್ರ, ಹಲವು ಟೈಪ್‌ರೈಟರುಗಳು. ಯಂತ್ರ ಒಬ್ಬೊಬ್ಬರಿಗೂ ಚೂರು ಚೂರು ಸಮಯ ಕೊಡುತ್ತ ಎಲ್ಲರಿಗೂ ತಮ್ಮದೇ ಸ್ವಂತ ಯಂತ್ರವಿದೆಯೆಂಬ ಭ್ರಮೆ ಹುಟ್ಟಿಸುತ್ತಿತ್ತು. ಹಲವರು ಎಂದಾದ ಕೂಡಲೇ ನನ್ನದು ನಿನ್ನದು ಎಂಬುದೂ ಬಂತು, ಅದರ ಬೆನ್ನಿಗೇ ಪಾಸ್‌ವರ್ಡೂ ಬಂತು. ಪಾಸ್‌ವರ್ಡ್ ಬಂದ ಮೇಲೆ ಅದನ್ನು ಕದಿಯುವವರು ಬರಲು ತಡವಾಗಲಿಲ್ಲ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದದ್ದು ನಾಲ್ಕು ಗಂಟೆ. ಅವರ ಪ್ರಬಂಧಕ್ಕೆ ಅದು ಸಾಲುತ್ತಿರಲಿಲ್ಲ. ಕಡತದ ಹೆಸರು ತೂತು ಮಾಡಿದ ಕಾರ್ಡೊಂದನ್ನು ಕೊಟ್ಟರೆ ಆ ಕಡತವನ್ನು ರಾತ್ರಿ ಮುದ್ರಿಸಿ ಇಡುವ ಸೌಕರ್ಯ ಅಲ್ಲಿತ್ತು. 1962ರಲ್ಲಿ ಶೆರ್ ಪಾಸ್‌ವರ್ಡ್ ಕಡತದ ಹೆಸರನ್ನೇ ತೂತು ಮಾಡಿ ಕೊಟ್ಟರು. ಬೆಳಗಾಗುವಷ್ಟರಲ್ಲಿ ಎಲ್ಲರ ಪಾಸ್‌ವರ್ಡೂ ಕಾಗದದ ಮೇಲೆ ಸಿದ್ಧವಾಗಿತ್ತು! ಕಡತ ಓದುವ ಅನುಮತಿ ಶೆರ್ ಅವರಿಗಿರಲಿಲ್ಲ. ಆದರೆ ಮುದ್ರಿಸುವ ಕ್ರಮವಿಧಿಗಿತ್ತು, ಅದು ಯಾರ ಪರವಾಗಿ ಮುದ್ರಿಸುತ್ತಿದ್ದೇನೆಂದು ವಿಚಾರಿಸಲಿಲ್ಲ. ಅಧಿಕಾರವಿರುವ ಒಂದು ಕ್ರಮವಿಧಿ ಅಧಿಕಾರವಿಲ್ಲದವರ ಪರವಾಗಿ ಕೆಲಸ ಮಾಡುವಾಗ ಏನೇನು ಎಡವಟ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನನಗೆ ಕಾಣಿಸಿಲ್ಲ. ಈ ಅಧ್ಯಾಯದಲ್ಲಿ ಈ ಎಡವಟ್ಟು ಮತ್ತೆ ಮತ್ತೆ ಎದುರಾಗಲಿದೆ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಈ ಸಮಸ್ಯೆಯನ್ನು ಸರಳವಾಗಿಸಿತು. ತೀರಾ ಸರಳವಾಗಿಸಿತು ಎನ್ನಬೇಕೇನೋ. ಪ್ರತಿ ಬಳಕೆದಾರರಿಗೂ ಒಂದು ಸಂಖ್ಯೆ. ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು. ಓದುವುದು, ಬರೆಯುವುದು, ಚಲಾಯಿಸುವುದು ಎಂಬ ಮೂರು ಹಕ್ಕು. ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗ. ಒಟ್ಟು ಒಂಬತ್ತು ಬಿಟ್‌ಗಳಲ್ಲಿ ಲೆಕ್ಕ ಮುಗಿಯಿತು. ಇವೆಲ್ಲಕ್ಕೂ ಮೇಲೆ ಸೊನ್ನೆ ಸಂಖ್ಯೆಯ ಬಳಕೆದಾರ. ಅವನೇ ರೂಟ್. ಅವನಿಗೆ ಯಾವ ತಡೆಯೂ ಇಲ್ಲ.

ಹಾಗಾದರೆ ಸಾಮಾನ್ಯ ಬಳಕೆದಾರರಿಗೆ ರೂಟ್‌ನ ಅಧಿಕಾರ ಒಂದೇ ಒಂದು ಸಣ್ಣ ಕೆಲಸಕ್ಕೆ ಬೇಕಾದರೆ? ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುವುದನ್ನೇ ನೋಡಿ. ಪಾಸ್‌ವರ್ಡ್ ಕಡತ ಇರುವುದು ರೂಟ್ ಒಡೆತನದಲ್ಲಿ. ಡೆನ್ನಿಸ್ ರಿಚಿ ಇದಕ್ಕೊಂದು ಚತುರ ಉಪಾಯ ಕಂಡುಹಿಡಿದರು. ಒಂದು ಕ್ರಮವಿಧಿಯ ಕಡತಕ್ಕೆ ವಿಶೇಷ ಗುರುತು ಹಾಕಿದರೆ, ಅದನ್ನು ಯಾರೇ ಚಲಾಯಿಸಲಿ, ಅದು ಓಡುವುದು ಕಡತದ ಒಡೆಯನ ಹೆಸರಿನಲ್ಲಿ. ಸೆಟ್‌ಯುಐಡಿ ಎಂಬ ಈ ಒಂದು ಬಿಟ್‌ಗೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಲಾಯಿತು, 1979ರಲ್ಲಿ ಅದು ಮಂಜೂರಾಯಿತು. ಕಂಪ್ಯೂಟರ್ ಜಗತ್ತಿನಲ್ಲಿ ಒಂದು ಬಿಟ್‌ಗೆ ಇಷ್ಟು ದೊಡ್ಡ ಚರಿತ್ರೆ ಬೇರೆಲ್ಲೂ ಇರಲಿಕ್ಕಿಲ್ಲ. ನಂತರದ ನಾಲ್ಕು ದಶಕ ಭದ್ರತೆಯವರ ನಿದ್ದೆಗೆಡಿಸಿದ್ದೂ ಅದೇ ಬಿಟ್.

ಜಾಲಕ್ಕೂ ಈ ಬಿಟ್‌ಗೂ ನಂಟು ಬೆಳೆದದ್ದನ್ನು ಪಿಂಗ್ ಎಂಬ ಪುಟ್ಟ ಕ್ರಮವಿಧಿಯಲ್ಲಿ ಕಾಣಬಹುದು. ನೆಟ್ ಕೈಕೊಟ್ಟಾಗ ತಂತ್ರಜ್ಞರು ಮೊದಲು ಮಾಡುವುದು ಪಿಂಗ್. ಆ ತುದಿಯ ಕಂಪ್ಯೂಟರಿಗೆ ಇದು 'ಇದ್ದೀಯಾ?' ಎಂದು ಕೇಳಿ, 'ಇದ್ದೇನೆ' ಎಂಬ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ, ಹದಗೆಟ್ಟ ಜಾಲವೊಂದನ್ನು ಸರಿಪಡಿಸುವ ಭರದಲ್ಲಿ, ಇದನ್ನು ಬರೆದರು. ಇಷ್ಟು ನಿರುಪದ್ರವಿಯಾದ ಕ್ರಮವಿಧಿ ಬಹುಕಾಲ ರೂಟ್ ಹೆಸರಿನಲ್ಲೇ ಓಡಬೇಕಾಯಿತು. ಬ್ರೌಸರಿನಂಥ ಸಾಮಾನ್ಯ ಕ್ರಮವಿಧಿ ಜಾಲದಲ್ಲಿ ಸಂದೇಶ ಹೊತ್ತೊಯ್ಯುವ ಪ್ಯಾಕೆಟ್ಟನ್ನು ತಾನೇ ಕಟ್ಟುವುದಿಲ್ಲ, ಕರ್ನೆಲ್‌ನ ಕೈಯಲ್ಲಿ ಕಟ್ಟಿಸುತ್ತದೆ. ಪಿಂಗ್ ಹಾಗಲ್ಲ, ತನ್ನ ಪ್ಯಾಕೆಟ್ಟನ್ನು ತಾನೇ ಕಟ್ಟುತ್ತದೆ, ಮರಳಿ ಬಂದ ಉತ್ತರವನ್ನೂ ತಾನೇ ಬಿಚ್ಚುತ್ತದೆ. ಈ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ಕಳಿಸಿದವರ ವಿಳಾಸವನ್ನೇ ತಿರುಚಿದ ನಕಲಿ ಪ್ಯಾಕೆಟ್ಟುಗಳನ್ನು ಯಾರು ಬೇಕಾದರೂ ಹರಿಬಿಡಬಹುದು, ಪಕ್ಕದವರಿಗೆ ಬಂದದ್ದನ್ನು ಇಣುಕಬಹುದು. ಅದಕ್ಕೇ ಪಿಂಗ್‌ಗೆ ಸೆಟ್‌ಯುಐಡಿ ಗುರುತು ಬಿತ್ತು. 'ಇದ್ದೀಯಾ?' ಎಂದು ಕೇಳಲು ಸರ್ವಾಧಿಕಾರ!

ಅದೇ ಕಾಲದ ಇನ್ನೊಂದು ನಿಯಮ ಈಗ ಓದಿದರೆ ನಗು ಬರಿಸುತ್ತದೆ. ಒಂದು ಕಂಪ್ಯೂಟರಿನಲ್ಲಿ ಜಾಲದ ಸೇವೆಗಳು ಕಾದು ಕೂರುವ ತಾಣಗಳಿಗೆ ಪೋರ್ಟ್ ಎನ್ನುತ್ತಾರೆ, ಅವಕ್ಕೆ 65,535ರವರೆಗೆ ಸಂಖ್ಯೆಗಳುಂಟು. ಬರ್ಕ್ಲಿ ವಿಶ್ವವಿದ್ಯಾಲಯದವರು ತಮ್ಮ ಯೂನಿಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ರೂಟ್‌ಗೆ ಮೀಸಲಿಟ್ಟರು. ಒಂದು ಕೋರಿಕೆ ಅಂಥ ಪೋರ್ಟಿನಿಂದ ಬಂತೆಂದರೆ ಆಚೆ ಬದಿಯ ಕಂಪ್ಯೂಟರಿನ ರೂಟ್ ಅದಕ್ಕೆ ಸಾಕ್ಷಿ ನಿಂತಂತೆ, ಆದ್ದರಿಂದ ನಂಬಬಹುದು ಎಂಬುದು ಅವರ ಲೆಕ್ಕ. ಕಂಪ್ಯೂಟರುಗಳು ವಿಶ್ವವಿದ್ಯಾಲಯಗಳ ಕೋಣೆಗಳಲ್ಲಿ ಬೀಗದೊಳಗೆ ಇದ್ದಾಗ, ರೂಟ್ ಎಂದರೆ ಪರಿಚಯದ ಒಬ್ಬ ಸಂಬಳದ ನೌಕರ ಆಗಿದ್ದಾಗ, ಆ ಲೆಕ್ಕ ತಪ್ಪಲ್ಲ. ಮೇಜಿಗೊಂದು ಕಂಪ್ಯೂಟರು ಬಂದು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ರೂಟ್ ಆದ ದಿನ ಆ ಸಾಕ್ಷಿಗೆ ಬೆಲೆ ಉಳಿಯಲಿಲ್ಲ. ಆದರೂ ನಿಯಮ ಉಳಿಯಿತು. ಆಪಲ್ ಅದನ್ನು ಬಹುಮಟ್ಟಿಗೆ ಕೈಬಿಟ್ಟದ್ದು 2018ರಲ್ಲಿ, ಮೊಹಾವೆ ಆವೃತ್ತಿಯಲ್ಲಿ. ಲಿನಕ್ಸ್‌ನಲ್ಲಿ ಅದು ಇನ್ನೂ ಇದೆ, ಬೇಡವಾದವರು ಸಡಿಲಿಸಿಕೊಳ್ಳಬಹುದು.

ರೂಟ್‌ನ ಅಖಂಡ ಅಧಿಕಾರವನ್ನು ತುಂಡು ಮಾಡುವ ಪ್ರಯತ್ನವೂ ನಡೆಯಿತು. 1999ರ ಲಿನಕ್ಸ್ 2.2 ಆವೃತ್ತಿಯಿಂದ ಆಚೆಗೆ ಜಾಲದ ಸಂಯೋಜನೆ ಬದಲಿಸುವುದು ಒಂದು ಅಧಿಕಾರ, ಪ್ಯಾಕೆಟ್ಟುಗಳನ್ನು ಸ್ವತಃ ಕಟ್ಟುವುದು ಇನ್ನೊಂದು, ಕೆಳಗಿನ ಪೋರ್ಟುಗಳಲ್ಲಿ ಕೂರುವುದು ಮತ್ತೊಂದು ಎಂದು ಬೇರೆ ಬೇರೆಯಾಗಿ ಹಂಚಬಹುದಾಯಿತು. ಪಿಂಗ್‌ಗೆ ಈಗ ಸರ್ವಾಧಿಕಾರ ಬೇಡ. ಆದರೆ ಈ ತುಂಡುಗಳು ಸಿಗುವುದು ಕ್ರಮವಿಧಿಗಳಿಗೆ. ಕುರ್ಚಿಯಲ್ಲಿ ಕೂತಿರುವ ಮನುಷ್ಯ ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಆ ಪ್ರಶ್ನೆ ಎದ್ದದ್ದು ವೈಫೈ ಬಂದ ಮೇಲೆ. ಜಾಲವೆಂದರೆ ಗೋಡೆಯಿಂದ ಬಂದ ತಂತಿಯಾಗಿದ್ದ ಕಾಲದಲ್ಲಿ ಆಡಳಿತಗಾರರು ಒಮ್ಮೆ ಅದನ್ನು ಹೊಂದಿಸಿಟ್ಟರೆ ವರ್ಷಗಟ್ಟಲೆ ಯಾರೂ ಮುಟ್ಟುತ್ತಿರಲಿಲ್ಲ. ಲ್ಯಾಪ್‌ಟಾಪು ಬೆಳಿಗ್ಗೆ ಮನೆ, ಮಧ್ಯಾಹ್ನ ಕಚೇರಿ, ಸಂಜೆ ಕಾಫಿ ಅಂಗಡಿ ಎಂದು ತಿರುಗತೊಡಗಿದಾಗ ಸಂಪರ್ಕವೂ ದಿನಕ್ಕೆ ಮೂರು ಸಲ ಬದಲಾಗಬೇಕಾಯಿತು. ಆಗಿನ ಲಿನಕ್ಸ್ ಬಳಕೆದಾರರು ಪ್ರತಿ ಸಲವೂ ರೂಟ್ ಆಗಿ ನಾಲ್ಕಾರು ಆದೇಶಗಳನ್ನು ಟೈಪ್ ಮಾಡುತ್ತಿದ್ದರು, ಅದೊಂದು ಹೆಮ್ಮೆಯೂ ಆಗಿತ್ತೆನ್ನಿ. ಈ ಗೋಳು ತಪ್ಪಿಸಲು ರೆಡ್ ಹ್ಯಾಟ್ ಕಂಪನಿಯವರು 2004ರಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ತಂದರು. ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಪರದೆಯ ಮೂಲೆಯ ವೈಫೈ ಚಿಹ್ನೆಯ ಹಿಂದೆ ಇವತ್ತಿಗೂ ದುಡಿಯುತ್ತಿರುವುದು ಇದೇ.

ಆ ಚಿಹ್ನೆಯ ಮೇಲಿನ ಒಂದು ಕ್ಲಿಕ್ಕನ್ನು ನಿಧಾನವಾಗಿ ನೋಡೋಣ. ಪಟ್ಟಿಯಲ್ಲಿ ಒಂದು ವೈಫೈ ಹೆಸರನ್ನು ಆರಿಸಿದಿರಿ. ಚಿಹ್ನೆ ತೋರಿಸುವ ಕ್ರಮವಿಧಿ ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತದೆ. ರೇಡಿಯೊವನ್ನು ಮುಟ್ಟುವ ಅಧಿಕಾರ ನಿಮಗೂ ಇಲ್ಲ, ಅದಕ್ಕೂ ಇಲ್ಲ. ಅದು ಡಿ-ಬಸ್ ಎಂಬ ಒಳಸಂದೇಶದ ಹಾದಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರಿಗೆ ಕೋರಿಕೆ ಕಳಿಸುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ರೂಟ್ ಹೆಸರಿನಲ್ಲಿ ಸದಾ ಓಡುತ್ತಿರುವ ಸೇವೆ. ಎಂಐಟಿಯ ಮುದ್ರಣ ಕ್ರಮವಿಧಿ ಮಾಡಿದ ತಪ್ಪನ್ನು ಇದು ಮಾಡುವುದಿಲ್ಲ: ಕೋರಿಕೆ ಯಾರದ್ದೆಂದು ಮೊದಲು ವಿಚಾರಿಸುತ್ತದೆ. ಉತ್ತರ ಕೊಡುವುದು ಕರ್ನೆಲ್. ಸಂದೇಶ ಕಳಿಸಿದವರ ಬಳಕೆದಾರ ಸಂಖ್ಯೆಯನ್ನು ಅದೇ ದೃಢಪಡಿಸುವುದರಿಂದ ಸುಳ್ಳು ಹೇಳಿ ನುಸುಳುವಂತಿಲ್ಲ. ಬಳಿಕ ನೆಟ್‌ವರ್ಕ್‌ಮ್ಯಾನೇಜರ್ ತಾನೇ ತೀರ್ಪು ಕೊಡದೆ ಪೋಲ್ಕಿಟ್ ಎಂಬ ಇನ್ನೊಂದು ಸೇವೆಯನ್ನು ಕೇಳುತ್ತದೆ: ಬಳಕೆದಾರ ಸಂಖ್ಯೆ 1000 ಈ ಕೆಲಸ ಮಾಡಬಹುದೆ?

ರೆಡ್ ಹ್ಯಾಟ್‌ನಲ್ಲಿದ್ದ ಡೇವಿಡ್ ಜೂಥೆನ್ ರೂಪಿಸಿದ ಪೋಲ್ಕಿಟ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದು ಉದ್ದ ಹೆಸರಿದೆ. ವೈಫೈ ರೇಡಿಯೊ ಹಾಕುವುದು-ಆರಿಸುವುದು ಒಂದು. ಇರುವ ಸಂಪರ್ಕಗಳನ್ನು ಜೋಡಿಸುವುದು-ಕಳಚುವುದು ಒಂದು. ತನಗೆ ಮಾತ್ರ ಸೇರಿದ ಸಂಪರ್ಕವನ್ನು ತಿದ್ದುವುದು ಒಂದು, ಎಲ್ಲರಿಗೂ ಸೇರಿದ್ದನ್ನು ತಿದ್ದುವುದು ಬೇರೆಯೇ ಒಂದು. ತನ್ನ ಕಂಪ್ಯೂಟರನ್ನೇ ಹಾಟ್‌ಸ್ಪಾಟ್ ಮಾಡಿ ಸಂಪರ್ಕ ಹಂಚುವುದಕ್ಕೂ ಪ್ರತ್ಯೇಕ ಅನುಮತಿ. ಉತ್ತರಗಳೂ ಬರೀ ಹೌದು-ಇಲ್ಲ ಅಲ್ಲ. 'ನಿನ್ನದೇ ಪಾಸ್‌ವರ್ಡ್ ಇನ್ನೊಮ್ಮೆ ಕೊಡು' ಎನ್ನಬಹುದು, 'ಆಡಳಿತಗಾರರ ಪಾಸ್‌ವರ್ಡ್ ತಾ' ಎನ್ನಬಹುದು, 'ಕೊಟ್ಟೆಯಲ್ಲ, ಇನ್ನು ಸ್ವಲ್ಪ ಹೊತ್ತು ಕೇಳುವುದಿಲ್ಲ' ಎಂದೂ ಅನ್ನಬಹುದು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಪೋಲ್ಕಿಟ್ ಕೇಳುವ ಇನ್ನೊಂದು ಪ್ರಶ್ನೆ: ಈ ಬಳಕೆದಾರ ಎಲ್ಲಿ ಕೂತಿದ್ದಾನೆ? ಒಂದು ಪರದೆ, ಒಂದು ಕೀಲಿಮಣೆ, ಒಂದು ಮೌಸ್ ಸೇರಿದ ಕಟ್ಟಿಗೆ ಲಿನಕ್ಸ್‌ನವರು ಸೀಟ್ ಎನ್ನುತ್ತಾರೆ. ಆ ಸೀಟಿನಲ್ಲಿ ಈ ಗಳಿಗೆ ಯಾರ ಅಧಿವೇಶನ ಪರದೆಯ ಮೇಲಿದೆ, ಯಾರದ್ದು ಲಾಗಿನ್ ಆಗಿಯೂ ಹಿನ್ನೆಲೆಗೆ ಸರಿದಿದೆ, ಯಾರು ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಬಂದಿದ್ದಾರೆ ಎಂಬುದರ ಲೆಕ್ಕ ಇಡಲೆಂದೇ ಒಂದು ಸೇವೆ ಇದೆ. ಎದುರಿಗೆ ಕೂತವರಿಗೆ, ಹಿನ್ನೆಲೆಯಲ್ಲಿರುವವರಿಗೆ, ಮಿಕ್ಕೆಲ್ಲರಿಗೆ ಎಂದು ಒಂದೊಂದು ಕೆಲಸಕ್ಕೂ ಮೂರು ಬೇರೆ ಉತ್ತರಗಳನ್ನು ಬರೆದಿಡಬಹುದು. ಆದ್ದರಿಂದ ಅದೇ ಬಳಕೆದಾರ, ಅದೇ ಪಾಸ್‌ವರ್ಡು, ಆದರೂ ಪರದೆಯ ಮುಂದಿದ್ದಾಗ ಸಲೀಸಾಗಿ ಬದಲಾಗುವ ವೈಫೈ, ಊರಾಚೆಯಿಂದ ಎಸ್‌ಎಸ್‌ಎಚ್‌ನಲ್ಲಿ ಬಂದಾಗ ಆಡಳಿತಗಾರರ ಪಾಸ್‌ವರ್ಡ್ ಕೇಳುತ್ತದೆ. ಇದು ವಿವೇಕದ ಮಾತು. ಎದುರಿಗೆ ಕೂತವರು ಬೇಕೆಂದರೆ ತಂತಿಯನ್ನೇ ಕಿತ್ತುಹಾಕಬಹುದು, ಬ್ಯಾಟರಿ ತೆಗೆಯಬಹುದು. ಅಂಥವರಿಂದ ವೈಫೈ ಗುಂಡಿಯನ್ನು ಬಚ್ಚಿಟ್ಟು ಏನು ಸಾಧಿಸಿದಂತಾಯಿತು? ದೂರದಿಂದ ಬಂದವರು ಸಂಪರ್ಕ ಕಳಚಿದರೆ ತಮ್ಮ ಕೊಂಬೆಯನ್ನೇ ಕಡಿದುಕೊಳ್ಳುತ್ತಾರೆ, ಜೊತೆಗೆ ಎದುರಿಗೆ ಕೂತವರ ಕೆಲಸವನ್ನೂ ಕೆಡಿಸುತ್ತಾರೆ. ಟೊರ್ವಾಲ್ಡ್ಸ್ ಸಿಟ್ಟಿಗೆ ಕಾರಣವಾದ ವ್ಯವಸ್ಥೆಯಲ್ಲೂ ಪೋಲ್ಕಿಟ್ ಇತ್ತು. ಓಪನ್‌ಸೂಸೆಯವರು ಅದರ ಉತ್ತರಗಳ ಪಟ್ಟಿಯನ್ನು ಬಿಗಿ ಮಾಡಿಟ್ಟಿದ್ದರು, ಅಷ್ಟೇ.

ಅನುಮತಿ ಸಿಕ್ಕಿತು, ವೈಫೈ ಪಾಸ್‌ವರ್ಡ್ ಕೊಟ್ಟಿರಿ, ಸಂಪರ್ಕ ಕೂಡಿತು. ಈಗ ಆ ಪಾಸ್‌ವರ್ಡ್ ಎಲ್ಲಿ ಹೋಗಿ ಕೂರುತ್ತದೆ? ಸಂಪರ್ಕದ ಸೆಟ್ಟಿಂಗ್ ತೆರೆದರೆ 'ಉಳಿದ ಬಳಕೆದಾರರಿಗೂ ಲಭ್ಯವಾಗಿಸು' ಎಂಬರ್ಥದ ಒಂದು ಚೌಕ ಕಾಣುತ್ತದೆ. ಅದರಲ್ಲಿ ಟಿಕ್ ಇದ್ದರೆ ಸಾಮಾನ್ಯವಾಗಿ ಪಾಸ್‌ವರ್ಡು ಇಡೀ ಯಂತ್ರಕ್ಕೆ ಸೇರಿದ ಒಂದು ಕಡತಕ್ಕೆ ಹೋಗುತ್ತದೆ, ಇದ್ದದ್ದು ಇದ್ದ ಹಾಗೇ, ಯಾವ ಗೂಢಲಿಪಿಯೂ ಇಲ್ಲದೆ! ಆ ಕಡತವನ್ನು ರೂಟ್ ಬಿಟ್ಟು ಬೇರಾರೂ ಓದಲಾರರು ಎಂಬುದೊಂದೇ ಕಾವಲು. ಐವತ್ತು ವರ್ಷ ಹಳೆಯ ಆ ಒಂಬತ್ತು ಬಿಟ್‌ಗಳೇ ಇಲ್ಲೂ ಕೆಲಸ ಮಾಡುತ್ತಿರುವುದು. ಇದನ್ನು ನೋಡಿ ಗಾಬರಿಯಾಗುವವರುಂಟು. ಆದರೆ ಬೇರೆ ದಾರಿ ಇಲ್ಲ. ಯಾರೂ ಲಾಗಿನ್ ಆಗುವ ಮುನ್ನವೇ ಕಂಪ್ಯೂಟರು ತಾನಾಗಿ ವೈಫೈ ಸೇರಬೇಕಾದರೆ ಪಾಸ್‌ವರ್ಡನ್ನು ತಾನಾಗಿಯೇ ಓದಲೂ ಬೇಕು. ಗೂಢಲಿಪಿಯಲ್ಲಿಟ್ಟರೆ ಬಿಚ್ಚುವ ಕೀಲಿಯನ್ನೂ ಅದೇ ಕಂಪ್ಯೂಟರಿನಲ್ಲಿ ಎಲ್ಲೋ ಇಡಬೇಕು.

ಟಿಕ್ ತೆಗೆದರೆ ಆ ಸಂಪರ್ಕದ ಕಡತದಲ್ಲಿ ನಿಮ್ಮ ಬಳಕೆದಾರ ಹೆಸರು ನಮೂದಾಗುತ್ತದೆ. ಪಾಸ್‌ವರ್ಡು ಸಾಮಾನ್ಯವಾಗಿ ನಿಮ್ಮ ಖಾಸಗಿ ಕೀರಿಂಗಿಗೆ, ಅಂದರೆ ಪಾಸ್‌ವರ್ಡುಗಳ ಬೀಗದ ಪೆಟ್ಟಿಗೆಗೆ, ಹೋಗುತ್ತದೆ. ಕೀರಿಂಗ್ ಬಿಚ್ಚಿಕೊಳ್ಳುವುದು ನೀವು ಲಾಗಿನ್ ಪಾಸ್‌ವರ್ಡ್ ಟೈಪ್ ಮಾಡಿದಾಗ ಮಾತ್ರ. ಇದರ ಪರಿಣಾಮ ಹಲವರಿಗೆ ಅನಿರೀಕ್ಷಿತ. ನೀವು ಲಾಗ್‌ಔಟ್ ಆದೊಡನೆ ಸಂಪರ್ಕ ಕಡಿದುಹೋಗುತ್ತದೆ. ರಾತ್ರಿ ಕರೆಂಟು ಹೋಗಿ ಬಂದು ಕಂಪ್ಯೂಟರು ತಾನಾಗಿ ಶುರುವಾದರೂ ಯಾರಾದರೂ ಅದರ ಮುಂದೆ ಕೂತು ಲಾಗಿನ್ ಆಗುವವರೆಗೆ ಜಾಲವಿಲ್ಲ. ಊರಿಂದ ಎಸ್‌ಎಸ್‌ಎಚ್ ಮಾಡಿ ಮನೆಯ ಕಂಪ್ಯೂಟರಿನ ಫೈಲ್ ತೆಗೆಯಲು ಹೊರಟವರು ಮನೆಯವರಿಗೆ ಫೋನ್ ಮಾಡಿ 'ಸ್ವಲ್ಪ ಲಾಗಿನ್ ಆಗಿ' ಎಂದು ಗೋಗರೆಯುವುದು ಹೀಗೆ. ಲಾಗಿನ್ ಪಾಸ್‌ವರ್ಡೇ ಬೇಡವೆಂದು ಆಟೊ ಲಾಗಿನ್ ಇಟ್ಟುಕೊಂಡವರಿಗೆ ಇನ್ನೊಂದು ಕಾಟ. ಕೀರಿಂಗ್ ತಾನಾಗಿ ಬಿಚ್ಚಿಕೊಳ್ಳದೆ, ಪ್ರತಿ ಸಲ ಕಂಪ್ಯೂಟರ್ ಹಾಕಿದಾಗಲೂ ಎಲ್ಲಿಂದಲೋ ಒಂದು ಪಾಸ್‌ವರ್ಡ್ ಕಿಟಕಿ ಎದ್ದು ಬರುತ್ತದೆ.

ವಿಂಡೋಸ್‌ನಲ್ಲಿ ವಿವರಗಳು ಬೇರೆ, ಹಂದರ ಹೆಚ್ಚುಕಡಿಮೆ ಇದೇ. ಅಲ್ಲಿ ವೈಫೈ ಪ್ರೊಫೈಲು ರೂಢಿಯಂತೆ ಎಲ್ಲ ಬಳಕೆದಾರರಿಗೂ ಸೇರಿದ್ದು. ಒಬ್ಬರಿಗೆ ಮಾತ್ರ ಬೇಕೆಂದರೆ ಬೇರೆ ಆದೇಶ ಕೊಡಬೇಕು. ಪೂರ್ತಿ ಆಡಳಿತಗಾರರಾಗಿಸದೆ ಜಾಲದ ಹೊಂದಾಣಿಕೆಯನ್ನಷ್ಟೇ ಒಪ್ಪಿಸಲು ಎಕ್ಸ್‌ಪಿ ಕಾಲದಿಂದಲೂ ಅಲ್ಲೊಂದು ಪ್ರತ್ಯೇಕ ಗುಂಪಿದೆ. ಮನೆಗಳಲ್ಲಿ ಅದನ್ನು ಬಳಸಿದವರು ನನಗಂತೂ ಸಿಕ್ಕಿಲ್ಲ. ಎಕ್ಸ್‌ಪಿ ದಿನಗಳಲ್ಲಿ ಮನೆಯವರೆಲ್ಲ ಆಡಳಿತಗಾರರೇ ಆಗಿರುತ್ತಿದ್ದರಲ್ಲ!

ಇಷ್ಟೆಲ್ಲ ಕಾವಲು, ವಿಚಾರಣೆ, ಟಿಕ್ಕುಗಳ ಮಧ್ಯೆ ಒಂದು ದೊಡ್ಡ ಸಂಗತಿ ಕಣ್ತಪ್ಪುತ್ತದೆ. ಸಂಪರ್ಕ ಜೋಡಿಸುವ ಅನುಮತಿ ಬೇರೆ, ಜೋಡಿಸಿದ ಸಂಪರ್ಕವನ್ನು ಬಳಸುವ ಅನುಮತಿ ಬೇರೆ. ಮೇಲಿನ ವ್ಯವಸ್ಥೆಯೆಲ್ಲ ಮೊದಲನೆಯದಕ್ಕೆ. ಎರಡನೆಯದಕ್ಕೆ ಸಾಮಾನ್ಯ ಕಂಪ್ಯೂಟರಿನಲ್ಲಿ ಯಾವ ತಡೆಯೂ ಇಲ್ಲ. ವಠಾರದ ಬೋರ್‌ವೆಲ್ ಮೋಟರಿನ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಒಬ್ಬರೇ ಇಟ್ಟುಕೊಂಡರೂ, ನೀರು ಮೇಲಿನ ತೊಟ್ಟಿಗೆ ಏರಿದ ಮೇಲೆ ಎಲ್ಲ ಮನೆಗಳ ನಲ್ಲಿಯಲ್ಲೂ ಸುರಿಯುವಂತೆ ಇದು.

ಕಾರಣ ಕರ್ನೆಲ್‌ನೊಳಗಿದೆ. ಹೊರಡುವ ಪ್ರತಿ ಪ್ಯಾಕೆಟ್ಟೂ ಯಾವ ದಾರಿ ಹಿಡಿಯಬೇಕೆಂಬುದನ್ನು ಹೇಳುವುದು ರೂಟಿಂಗ್ ಟೇಬಲ್ ಎಂಬ ಕೋಷ್ಟಕ. ಅದರಲ್ಲಿ ತಲುಪಬೇಕಾದ ವಿಳಾಸಕ್ಕೆ ಒಂದು ಕಂಬಸಾಲು ಇದೆ, ದಾಟಬೇಕಾದ ದ್ವಾರಕ್ಕೆ ಒಂದಿದೆ, ವೈಫೈಯೋ ತಂತಿಯೋ ಎಂಬುದಕ್ಕೆ ಒಂದಿದೆ. ಕಳಿಸುತ್ತಿರುವವರು ಯಾರೆಂಬುದಕ್ಕೆ ಇಲ್ಲ. ಕಚೇರಿಯಲ್ಲಿ ಒಂದು ಲಿನಕ್ಸ್ ಯಂತ್ರವನ್ನು ಇಬ್ಬರು ಬಳಸುತ್ತಾರೆಂದುಕೊಳ್ಳಿ. ಮೊದಲನೆಯವರು ತಮ್ಮ ಪಾಸ್‌ವರ್ಡ್ ಕೊಟ್ಟು ಲೆಕ್ಕಪತ್ರ ವಿಭಾಗದ ವಿಪಿಎನ್, ಅಂದರೆ ಆ ವಿಭಾಗದ ಜಾಲಕ್ಕೆ ಹೋಗುವ ಖಾಸಗಿ ಸುರಂಗ, ಜೋಡಿಸಿದ್ದಾರೆ. 'ನನಗೆ ಮಾತ್ರ' ಎಂದು ಟಿಕ್ ಸಹ ತೆಗೆದಿದ್ದಾರೆ. ಅದೇ ಹೊತ್ತಿಗೆ ಎರಡನೆಯವರು ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಅದೇ ಯಂತ್ರಕ್ಕೆ ಲಾಗಿನ್ ಆಗಿದ್ದಾರೆ. ವಿಪಿಎನ್ನನ್ನು ಇವರು ಜೋಡಿಸಲಾರರು, ಕಳಚಲಾರರು, ಅದರ ಪಾಸ್‌ವರ್ಡ್ ನೋಡಲಾರರು. ಆದರೆ ಲೆಕ್ಕಪತ್ರ ವಿಭಾಗದ ಸರ್ವರಿನ ವಿಳಾಸಕ್ಕೆ ಇವರು ಕಳಿಸಿದ ಪ್ಯಾಕೆಟ್ಟು ಆ ವಿಪಿಎನ್ ಸುರಂಗದೊಳಗೇ ಹಾದು ಹೋಗುತ್ತದೆ. ಕೋಷ್ಟಕ ಅದನ್ನು ಅಲ್ಲಿಗೇ ಕಳಿಸುತ್ತದೆ. ಆಚೆ ಬದಿಯ ಸರ್ವರಿಗೆ ಇವರು ಮೊದಲನೆಯವರ ವಿಳಾಸದಿಂದ ಬಂದಂತೆಯೇ ಕಾಣುತ್ತಾರೆ.

ತಡೆ ಹಾಕಲಾಗದು ಎಂದೇನಲ್ಲ. ಪ್ಯಾಕೆಟ್ಟನ್ನು ಹೊರಡಿಸಿದ ಬಳಕೆದಾರ ಸಂಖ್ಯೆ ನೋಡಿ ತಡೆಯುವ ಫೈರ್‌ವಾಲ್ ನಿಯಮ ಲಿನಕ್ಸ್‌ನಲ್ಲಿ ಬಹಳ ಹಿಂದಿನಿಂದ ಇದೆ. ಆದರೆ ಅದನ್ನು ರೂಟ್ ಆಗಿ ಕೈಯಾರೆ ಬರೆಯಬೇಕು, ವಿಪಿಎನ್ ಟಿಕ್ ತೆಗೆದರೆ ತಾನಾಗಿ ಬರುವುದಿಲ್ಲ. ಇನ್ನೊಂದು ಬದಿಯಿಂದ ಈ ಕೊರತೆಯನ್ನು ನಿಜಕ್ಕೂ ತುಂಬಿದ್ದು ಆಂಡ್ರಾಯ್ಡ್. ಅದರ ಹೊಟ್ಟೆಯಲ್ಲಿರುವುದೂ ಲಿನಕ್ಸೇ. ಅಲ್ಲಿ ಯೂನಿಕ್ಸ್‌ನ ಬಳಕೆದಾರ ಸಂಖ್ಯೆ ಸಿಗುವುದು ಮನುಷ್ಯರಿಗಲ್ಲ, ಆ್ಯಪ್‌ಗಳಿಗೆ. ವಾಟ್ಸ್‌ಆ್ಯಪ್ ಒಬ್ಬ ಬಳಕೆದಾರ, ಬ್ಯಾಂಕಿನ ಆ್ಯಪ್ ಇನ್ನೊಬ್ಬ. ಒಬ್ಬರ ಕಡತ ಇನ್ನೊಬ್ಬರು ಮುಟ್ಟಲಾರರು. ಆ್ಯಪ್‌ಗಳಿಗೆ ಸಂಖ್ಯೆ ಶುರುವಾಗುವುದು 10,000ದಿಂದ. ಒಂದೇ ಟ್ಯಾಬ್ಲೆಟ್ಟನ್ನು ಮನೆಯ ಹಲವರು ಹಂಚಿಕೊಳ್ಳುವ ಸೌಲಭ್ಯ 2012ರ ಕೊನೆಗೆ ಬಂದಾಗ ಮನುಷ್ಯರಿಗೂ ಜಾಗ ಬೇಕಾಯಿತು. ಒಬ್ಬೊಬ್ಬರಿಗೂ ಒಂದೊಂದು ಲಕ್ಷ ಸಂಖ್ಯೆಗಳ ಹೋಬಳಿಯನ್ನೇ ಬಿಟ್ಟುಕೊಟ್ಟರು. ಹೀಗೆ ಒಂದು ಸಂಖ್ಯೆ ನೋಡಿದರೆ ಯಾರ ಯಾವ ಆ್ಯಪ್ ಎಂದು ತಿಳಿಯುತ್ತದೆ. ಇನ್ನು ಬೇಕಾದದ್ದು ದಾರಿ ಆರಿಸುವಾಗ ಆ ಸಂಖ್ಯೆಯನ್ನು ನೋಡುವ ನಿಯಮ. ಗೂಗಲ್‌ನವರು ಆಂಡ್ರಾಯ್ಡ್‌ಗಾಗಿ ಮಾಡಿಕೊಂಡಿದ್ದ ಆ ಬದಲಾವಣೆ 2017ರ ಆರಂಭದಲ್ಲಿ ಮೂಲ ಲಿನಕ್ಸ್‌ನ 4.10 ಆವೃತ್ತಿಯನ್ನೂ ಸೇರಿತು. ಫೋನಿನಲ್ಲಿ ಒಬ್ಬರು ಹಾಕಿದ ವಿಪಿಎನ್ ಇನ್ನೊಬ್ಬ ಬಳಕೆದಾರರಿಗೆ ತಾಗುವುದಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದೇ ಸೌಕರ್ಯ ಕರ್ನೆಲ್‌ನಲ್ಲಿದ್ದೂ ವೈಫೈ ಚಿಹ್ನೆಯ ಹಿಂದಿನ ಕಿಟಕಿಯವರೆಗೆ ಬಂದಿಲ್ಲ. ಒಂದೇ ಯಂತ್ರವನ್ನು ಹಲವರು ಬಳಸುವ ಅಭ್ಯಾಸ ಹಿಂದೆಂದೋ ಮುಗಿಯಿತೆಂದು ತಂತ್ರಾಂಶ ಬರೆಯುವವರು ಭಾವಿಸಿದಂತಿದೆ. ಶಾಲೆಗಳ ಕಂಪ್ಯೂಟರ್ ಕೋಣೆಗೊಮ್ಮೆ ಅವರು ಹೋಗಿಬರಬೇಕು.

ಅನುಮತಿ ಕೊಡುವ ಯಂತ್ರದಲ್ಲೇ ಹುಳುಕಿದ್ದರೆ? 2018ರ ಡಿಸೆಂಬರಿನಲ್ಲಿ ಹೊರಬಿದ್ದ ಪೋಲ್ಕಿಟ್ ದೋಷವೊಂದು ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ತಮಾಷೆಯ ಪ್ರಕರಣ. ಬಳಕೆದಾರ ಸಂಖ್ಯೆ 214,74,83,647ಕ್ಕಿಂತ ದೊಡ್ಡದಿದ್ದರೆ ಆ ಮನುಷ್ಯನಿಗೆ ಪೋಲ್ಕಿಟ್ ಯಾವ ಪಾಸ್‌ವರ್ಡೂ ಕೇಳದೆ ದಾರಿ ಬಿಡುತ್ತಿತ್ತು. ಧನ-ಋಣ ಎರಡನ್ನೂ ಹಿಡಿಯುವ 32 ಬಿಟ್‌ಗಳ ಸಂಖ್ಯೆಗೆ ಅದೇ ಮೇಲ್ಮಿತಿ. ಅದನ್ನು ದಾಟಿದ ಸಂಖ್ಯೆ ಪೋಲ್ಕಿಟ್‌ನ ಕಣ್ಣಿಗೆ ಋಣಸಂಖ್ಯೆಯಾಗಿ ಕಂಡು ಪರೀಕ್ಷೆಯೇ ಎಡವಿ ಬೀಳುತ್ತಿತ್ತು. ಇನ್ನೂರು ಕೋಟಿ ದಾಟಿದ ಬಳಕೆದಾರ ಸಂಖ್ಯೆ ಯಾರಿಗಿರುತ್ತದೆ ಎಂದು ಕೇಳಬಹುದು. ಸಾಮಾನ್ಯವಾಗಿ ಯಾರಿಗೂ ಇಲ್ಲ, ಹಾಗಾಗಿಯೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

2022ರ ಜನವರಿಯದ್ದು ತಮಾಷೆಯದ್ದಲ್ಲ. ಪೋಲ್ಕಿಟ್ ಜೊತೆಗೆ ಬರುವ ಪಿಕೆಎಕ್ಸೆಕ್ ಎಂಬ ಕ್ರಮವಿಧಿಯಲ್ಲಿ 2009ರಿಂದಲೂ ಅಡಗಿದ್ದ ತೂತೊಂದನ್ನು ಕ್ವಾಲಿಸ್ ಕಂಪನಿಯವರು ಪತ್ತೆ ಮಾಡಿದರು. ಯಾವುದೇ ಸಾಮಾನ್ಯ ಬಳಕೆದಾರ ಕ್ಷಣದಲ್ಲಿ ರೂಟ್ ಆಗಬಹುದಿತ್ತು. ಪಿಕೆಎಕ್ಸೆಕ್‌ಗೆ ಇದ್ದದ್ದು ಡೆನ್ನಿಸ್ ರಿಚಿಯವರ ಆ ಸೆಟ್‌ಯುಐಡಿ ಬಿಟ್. ತನ್ನನ್ನು ಕರೆದವರು ಕೊಟ್ಟ ಪದಗಳ ಪಟ್ಟಿಯಲ್ಲಿ ಮೊದಲನೆಯದು ತನ್ನದೇ ಹೆಸರು ಎಂದು ಅದು ನಂಬಿತ್ತು. ಪಟ್ಟಿಯನ್ನೇ ಖಾಲಿ ಕೊಟ್ಟು ಕರೆದರೆ ಅದು ಪಟ್ಟಿಯ ಎಲ್ಲೆ ಮೀರಿ ಪಕ್ಕದ ನೆನಪಿನ ಜಾಗವನ್ನು ಓದತೊಡಗುತ್ತಿತ್ತು. ಆ ಜಾಗದಲ್ಲಿ ಏನಿರಬೇಕೆಂದು ನಿರ್ಧರಿಸುವುದು ಕರೆದವರ ಕೈಯಲ್ಲೇ ಇತ್ತು. ಅಲನ್ ಶೆರ್ ಅವರ ಕಾರ್ಡಿಗೂ ಇದಕ್ಕೂ ಅರವತ್ತು ವರ್ಷಗಳ ಅಂತರ, ಎಡವಟ್ಟಿನ ಜಾತಿ ಒಂದೇ.

ಹಂಚಿಕೊಂಡ ಕಂಪ್ಯೂಟರಿನ ಜಾಲವನ್ನು ಯಾರು ಬಳಸಿದರು ಎಂಬುದು ನಮ್ಮ ದೇಶದಲ್ಲಿ ಕಾನೂನಿನ ಪ್ರಶ್ನೆಯೂ ಹೌದು. 2011ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮ ಹೊರಡಿಸಿತು. ಬಂದವರ ಗುರುತಿನ ಚೀಟಿ ನೋಡಬೇಕು, ಯಾವ ಕಂಪ್ಯೂಟರಿನಲ್ಲಿ ಎಷ್ಟು ಹೊತ್ತಿಗೆ ಕೂತರು, ಎಷ್ಟು ಹೊತ್ತಿಗೆ ಎದ್ದರು ಎಂದು ಬರೆದಿಡಬೇಕು, ಆ ದಾಖಲೆ ಕನಿಷ್ಠ ಒಂದು ವರ್ಷ ಇರಬೇಕು. ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು! ರೂಟಿಂಗ್ ಕೋಷ್ಟಕದಲ್ಲಿ ಇಲ್ಲದ ಕಂಬಸಾಲನ್ನು ರಿಜಿಸ್ಟರ್ ಪುಸ್ತಕದಲ್ಲಿ ಎಳೆದಂತಾಯಿತು. ಹೊರಗಿನಿಂದ ನೋಡಿದರೆ ಕೆಫೆಯ ಹತ್ತೂ ಕಂಪ್ಯೂಟರುಗಳು ಒಂದೇ ಐಪಿ ವಿಳಾಸದವು. ಪೊಲೀಸರು ಆ ವಿಳಾಸ ಹಿಡಿದು ಬಂದಾಗ ಮಾಲೀಕರಿಗೆ ಉಳಿಯುವ ಆಸರೆ ಆ ಪುಸ್ತಕವೊಂದೇ. ಕೆಫೆಗಳು ಈಗ ವಿರಳವಾಗಿವೆ, ಪ್ರಶ್ನೆ ವಿರಳವಾಗಿಲ್ಲ.

ವಿಶ್ವವಿದ್ಯಾಲಯಗಳು ಇದಕ್ಕೆ ಬೇರೆ ದಾರಿ ಹಿಡಿದಿವೆ. ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್ ಕೊಡುವ ಬದಲು ಒಬ್ಬೊಬ್ಬರಿಗೂ ಅವರವರ ಹೆಸರು, ಅವರವರ ಪಾಸ್‌ವರ್ಡ್. 2002ರ ಹೊತ್ತಿಗೆ ಯುರೋಪಿನಲ್ಲಿ ಮೊಳೆತ ಎಜುರೋಮ್ ಇದೇ ತತ್ವದ್ದು. ತಮ್ಮ ಸಂಸ್ಥೆ ಕೊಟ್ಟ ಹೆಸರು-ಪಾಸ್‌ವರ್ಡಿನಿಂದಲೇ ಸಂಶೋಧಕರು ಬೇರೆ ದೇಶದ ವಿಶ್ವವಿದ್ಯಾಲಯದ ವೈಫೈ ಸೇರಬಹುದು. ಭಾರತದಲ್ಲಿ ಇದನ್ನು ನಡೆಸುವುದು ಅರ್ನೆಟ್. ಒಬ್ಬರು ಒಂದು ಲ್ಯಾಪ್‌ಟಾಪ್ ಎಂಬಲ್ಲಿ ಇದು ಸೊಗಸಾದ ವ್ಯವಸ್ಥೆ. ಪ್ರಯೋಗಾಲಯದಲ್ಲಿ ಆರು ಜನ ಸರದಿಯಂತೆ ಬಳಸುವ ಕಂಪ್ಯೂಟರಿಗೆ ಬಂದಾಗ ಮಾತ್ರ ಎಚ್ಚರ ಬೇಕು. ಮೊದಲು ಕೂತವರು ತಮ್ಮ ಹೆಸರು-ಪಾಸ್‌ವರ್ಡ್ ಕೊಟ್ಟು ಎದ್ದುಹೋಗುತ್ತಾರೆ, ಉಳಿದ ಐವರು ಅದೇ ಸಂಪರ್ಕದಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡುತ್ತಾರೆ.

ಲಿನಕ್ಸ್‌ನಲ್ಲಿ ಆ ಪಾಸ್‌ವರ್ಡ್ ಪೆಟ್ಟಿಗೆಯ ಬಲತುದಿಯಲ್ಲಿ ಒಂದು ಪುಟ್ಟ ಚಿಹ್ನೆ ಇರುತ್ತದೆ. ಒತ್ತಿದರೆ ಆಯ್ಕೆಗಳು ತೆರೆದುಕೊಳ್ಳುತ್ತವೆ: ಈ ಬಳಕೆದಾರರಿಗಷ್ಟೇ ಉಳಿಸು, ಎಲ್ಲ ಬಳಕೆದಾರರಿಗೂ ಉಳಿಸು, ಪ್ರತಿ ಸಲವೂ ಕೇಳು. ಆರೂ ಜನಕ್ಕೆ ಬೇರೆ ಬೇರೆ ಲಾಗಿನ್ ಇದ್ದರೆ ಮೊದಲನೆಯದು ಸರಿ. ಆರೂ ಜನ ಒಂದೇ ಲಾಗಿನ್ನಿನಲ್ಲಿ ಕೂರುವವರಾದರೆ, ಹೆಚ್ಚಿನ ಪ್ರಯೋಗಾಲಯಗಳಲ್ಲಿ ಆಗುವುದು ಹಾಗೆಯೇ, ಮೂರನೆಯದನ್ನು ಒತ್ತಿ, ಏಳುವ ಮುನ್ನ ಸಂಪರ್ಕ ಕಳಚಬೇಕು. ಎರಡನೆಯದನ್ನು ಒತ್ತಿದರೆ ಆ ಕಂಪ್ಯೂಟರಿನಲ್ಲಿ ನಡುರಾತ್ರಿ ಯಾರೋ ಇಳಿಸಿಕೊಂಡ ಸಿನಿಮಾ ಕೂಡ ಸಂಸ್ಥೆಯ ಲಾಗ್‌ನಲ್ಲಿ ಮೊದಲು ಕೂತವರ ಹೆಸರಿನ ಮುಂದೆಯೇ ದಾಖಲಾಗುತ್ತದೆ.